ಭುಜ ತಟ್ಟಿ ಕರೆಯುವವರು

ಪವರ್‌ಲೂಮ್ ಓಡುವ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಅಭ್ಯಾಸ ಇರುತ್ತದೆ. ನಾವು ಯಾರನ್ನೂ ಕೂಗಿ ಕರೆಯುವುದಿಲ್ಲ. ಕೂಗಿದರೂ ಪ್ರಯೋಜನವಿಲ್ಲ. ನಾಲ್ಕು ಮಗ್ಗ ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೆ ನಿಮ್ಮ ದನಿ ನಿಮ್ಮ ಬಾಯಿಂದ ಒಂದು ಗೇಣು ಆಚೆಗೂ ಹೋಗುವುದಿಲ್ಲ. ಹತ್ತಿರ ಹೋಗಿ ಭುಜ ತಟ್ಟಬೇಕು. ಒಂದು ಸಲ ತಟ್ಟಿದರೆ ‘ಈ ಕಡೆ ತಿರುಗು’ ಅಂತ. ಎರಡು ಸಲ ತಟ್ಟಿದರೆ ‘ನಿನ್ನ ಮಗ್ಗದಲ್ಲಿ ಎಳೆ ಕಿತ್ತಿದೆ, ನೋಡಿಕೋ’ ಅಂತ. ತಿರುಗಿದ ಮೇಲೆ ಮಾತೆಲ್ಲ ತುಟಿಯಲ್ಲೇ. ಊಟ ಆಯಿತಾ, ಕರೆಂಟು ಯಾವಾಗ ಹೋಗುತ್ತದಂತೆ, ಪಕ್ಕದ ಮನೆಯವಳು ಬೆಳಿಗ್ಗೆಯಿಂದ ಯಾಕೆ ಮುಖ ಊದಿಸಿಕೊಂಡು ಓಡಾಡುತ್ತಿದ್ದಾಳೆ, ಎಲ್ಲವನ್ನೂ ದನಿಯಿಲ್ಲದೆ ಬರೀ ಬಾಯಿ ಆಡಿಸಿ ಹೇಳುತ್ತೇವೆ. ಹೊರಗಿನವರು ಬಂದು ನಿಂತು ನೋಡಿದರೆ ಇವರೆಲ್ಲ ಏನನ್ನೋ ಅಗಿಯುತ್ತಿದ್ದಾರೆ ಅಂದುಕೊಳ್ಳಬೇಕು.

ನಾನು ದೊಡ್ಡಬಳ್ಳಾಪುರದ ಅಂಥ ಒಂದು ಬೀದಿಯವಳು. ಮದುವೆಯಾಗಿ ಹೋದದ್ದೂ ಎರಡು ಬೀದಿ ಆಚೆಗೆ ಅಷ್ಟೆ. ಬೆಳಿಗ್ಗೆ ಗಂಡನ ಮನೆಯ ಕೆಲಸ ಮುಗಿಸಿ ಅಣ್ಣನ ಶೆಡ್ಡಿಗೆ ಬರುತ್ತೇನೆ, ಎರಡು ಮಗ್ಗ ನಾನು ನೋಡಿಕೊಳ್ಳುತ್ತೇನೆ, ಎರಡು ಅಣ್ಣ. ಅತ್ತಿಗೆ ಪಕ್ಕದಲ್ಲೇ ಕೂತು ಲಾಳಿಗೆ ನೂಲು ಸುತ್ತುತ್ತಾಳೆ. ನನ್ನ ಬಾಯಿ ಸ್ವಲ್ಪ ಜೋರು, ಸಿಟ್ಟು ಮೂಗಿನ ತುದಿಯಲ್ಲಿ ಅಂತ ಎರಡೂ ಮನೆಯವರು ಹೇಳುತ್ತಾರೆ. ಇಡೀ ದಿನ ದನಿಯಿಲ್ಲದೆ ಮಾತಾಡಿ, ಸಂಜೆ ಮಗ್ಗ ನಿಂತ ಮೇಲೆ ಬಾಯಿ ತೆರೆದರೆ ಯಾರದ್ದಾದರೂ ಜೋರೇ ಆಗುತ್ತದೆ.

ಇಂಥ ನಾವು ಟಚ್ ರಗ್ಬಿ ಆಡಲು ಹೋದೆವು. ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರೊಬ್ಬರು ಬೆಂಗಳೂರಿನಲ್ಲಿ ಯಾವುದೋ ತರಬೇತಿಗೆ ಹೋಗಿ ಈ ಆಟ ಕಲಿತು ಬಂದರು. ಬರುವಾಗ ಎರಡೂ ತುದಿ ಚೂಪಾದ ಒಂದು ಚೆಂಡು ತಂದರು. ಬೀದಿಯ ಮುದುಕಿಯರು ಅದನ್ನು ನೋಡಿ, ಇದೇನು ಕುಂಬಳಕಾಯಿಯ ಕೂಸು ಎಂದು ನಕ್ಕರು. ಮೇಷ್ಟ್ರಿಗೆ ಬೇಕಾಗಿದ್ದವನು ನಮ್ಮಣ್ಣ. ಹರೆಯದಲ್ಲಿ ಕಬಡ್ಡಿ ಆಡಿ ಮಧುರೆ, ಆವತಿ ಕಡೆಯವರೆಗೂ ಹೆಸರು ಮಾಡಿದವನು, ಮಂಡಿ ಜಾರಿದ ಮೇಲೆ ಅಂಗಳಕ್ಕೆ ಇಳಿಯದೆ ಕೂತವನು. "ಇದ್ರಲ್ಲಿ ಬೀಳ್ಸೋದಿಲ್ಲ, ಹಿಡ್ಕೊಳ್ಳೋದಿಲ್ಲ ಗುರು. ಬರೀ ಮುಟ್ಟೋದು ಅಷ್ಟೆ. ನಿಮ್ ಮಂಡಿಗೆ ಏನೂ ಆಗಲ್ಲ," ಎಂದು ಮೇಷ್ಟ್ರು ಆಸೆ ಹುಟ್ಟಿಸಿದರು. ಅಣ್ಣನ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇವನು ಹೊರಟ ಅಂತ.

ಆರು ಜನರ ಆಟ. ಮಿಶ್ರ ತಂಡವಾದರೆ ಮೂವರು ಹೆಂಗಸರು ಬೇಕು. ಅಣ್ಣ ನನ್ನನ್ನು ಕೇಳಲಿಲ್ಲ, "ನೀನು ಬರ್ತೀಯ," ಎಂದ. ನನಗೆ ಅತ್ತೆ ಇದ್ದಾರೆ, ನೆನಪಿದೆಯಾ ಎಂದೆ. "ಅವರ್ನೂ ಕರ್ಕೊಂಡ್ಬಾ, ಇನ್ನೊಂದು ಹೆಣ್ಣಾಳು ಕಮ್ಮಿ ಬಿದ್ದಿದೆ," ಎಂದ. ಅವನು ಹಾಗೇ. ನಗಿಸಿ ಕೆಲಸ ಮಾಡಿಸಿಕೊಳ್ಳುವವನು.

ಆಟದ ನಿಯಮ ಸುಲಭ. ಚೆಂಡು ಹಿಡಿದು ಎದುರಿನವರ ಗೆರೆ ದಾಟಿ ನೆಲಕ್ಕೆ ಒತ್ತಿದರೆ ಒಂದು ಪಾಯಿಂಟ್. ಚೆಂಡನ್ನು ಪಕ್ಕಕ್ಕೋ ಹಿಂದಕ್ಕೋ ಕೊಡಬಹುದು, ಮುಂದಕ್ಕೆ ಎಸೆಯುವ ಹಾಗಿಲ್ಲ. ಎದುರಿನವರು ಮೈಮೇಲೆ ಎಲ್ಲಿ ಮುಟ್ಟಿದರೂ ನಿಲ್ಲಬೇಕು, ಚೆಂಡನ್ನು ಕಾಲ ಕೆಳಗೆ ಇಟ್ಟು ಮತ್ತೆ ಶುರು ಮಾಡಬೇಕು. ಆರು ಸಲ ಮುಟ್ಟಿಸಿಕೊಂಡರೆ ಚೆಂಡು ಅವರ ಪಾಲು. ತಪ್ಪಾದರೆ ರೆಫ್ರಿ ವಿಷಲ್ ಊದುತ್ತಾನೆ, ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ.

ಮೊದಲ ದಿನದ ನಮ್ಮ ಅವತಾರ ಮಾತ್ರ ಹೇಳುವ ಹಾಗಿರಲಿಲ್ಲ. ಭುಜಕ್ಕೆ ಕೈ ಬಿದ್ದ ಕೂಡಲೇ ನಾವು ಚೆಂಡು ಕೆಳಗಿಡುತ್ತಿರಲಿಲ್ಲ, ಹಿಂದೆ ತಿರುಗಿ ‘ಏನು?’ ಎಂದು ಹುಬ್ಬು ಹಾರಿಸುತ್ತಿದ್ದೆವು. ಒಬ್ಬರಲ್ಲ, ಎಲ್ಲರೂ. ನನಗಂತೂ ಎರಡು ಸಲ ತಟ್ಟಿದರೆ ಗಾಬರಿಯೇ ಆಗುತ್ತಿತ್ತು, ಎಲ್ಲೋ ಎಳೆ ಕಿತ್ತುಹೋಗಿದೆ ಎಂದು. ಮೇಷ್ಟ್ರು ಬೀದಿಗೆ ಕೇಳುವ ಹಾಗೆ ಕಿರುಚುತ್ತಿದ್ದರು, "ಅಯ್ಯೋ ತಿರುಗ್ಬೇಡ್ರಮ್ಮಾ, ಅವ್ರೇನು ಕಾಫಿಗೆ ಕರೀತಿಲ್ಲ, ಚೆಂಡು ಇಡ್ರಿ!" ಆ ಅಭ್ಯಾಸ ಬಿಡಿಸುವಷ್ಟರಲ್ಲಿ ಅವರ ಗಂಟಲು ಹೋಯಿತು.

ಆದರೆ ಬಿಡದೆ ಉಳಿದ ಅಭ್ಯಾಸ ನಮಗೆ ಅನುಕೂಲವೂ ಆಯಿತು. ಬೇರೆ ತಂಡದವರು ‘ಬಲಗಡೆ’, ‘ನನಗೆ ಕೊಡು’ ಎಂದು ಕೂಗಿಕೊಂಡು ಆಡುತ್ತಿದ್ದರು. ಕೂಗಿದ್ದು ತಮ್ಮವರಿಗೂ ಕೇಳುತ್ತದೆ, ಎದುರಿನವರಿಗೂ ಕೇಳುತ್ತದೆ. ನಾವು ಕೂಗುತ್ತಿರಲಿಲ್ಲ. ಕೈ, ಕಣ್ಣು, ತುಟಿ, ಬೆನ್ನ ಮೇಲೊಂದು ತಟ್ಟು. ನೆಲಮಂಗಲದವರ ಜೊತೆಗಿನ ಒಂದು ಸ್ನೇಹದ ಆಟದಲ್ಲಿ ಅವರು ನಮಗೆ ‘ಮೂಗರ ಟೀಮ್’ ಎಂದು ಹೆಸರಿಟ್ಟರು. ಗೆದ್ದ ಮೇಲೆ ಆ ಹೆಸರು ನಮಗೇ ಇಷ್ಟವಾಗಿ, ಅಣ್ಣ ಅದನ್ನೇ ಹೇಳಿಕೊಂಡು ತಿರುಗಿದ. ನಾನು ಮಾತ್ರ ಅವನೆದುರು ಆ ಹೆಸರು ಎತ್ತುತ್ತಿರಲಿಲ್ಲ.

ಯಾಕೆಂದರೆ ಅಣ್ಣನಿಗೆ ಕಿವಿ ಕೇಳುವುದು ಕಡಿಮೆಯಾಗುತ್ತಿತ್ತು. ಇದು ಅವನೊಬ್ಬನನ್ನು ಬಿಟ್ಟು ನಮಗೆಲ್ಲ ಗೊತ್ತಿತ್ತು.

ಬೇರೆ ಮನೆಯಲ್ಲಾಗಿದ್ದರೆ ಅವನಿಗೂ ಬೇಗ ಗೊತ್ತಾಗುತ್ತಿತ್ತೋ ಏನೋ. ಕರೆದರೆ ಓಗೊಡದಿದ್ದಾಗ, ಮಾತು ತಪ್ಪಿದಾಗ ಯಾರಾದರೂ ನಗುತ್ತಾರೆ, ಯಾರಾದರೂ ರೇಗುತ್ತಾರೆ. ನಮ್ಮ ಮನೆಯಲ್ಲಿ ಅವನನ್ನು ಯಾರೂ ಕರೆಯಲೇ ಇಲ್ಲ. ಹುಟ್ಟಿದಾಗಿನಿಂದ ಭುಜ ತಟ್ಟಿಸಿಕೊಂಡು, ತುಟಿ ಓದಿಕೊಂಡು ಬೆಳೆದವನಿಗೆ ಕಿವಿ ಯಾವತ್ತು ಕೆಲಸ ನಿಲ್ಲಿಸಿತು ಎಂದು ತಿಳಿಯುವುದು ಹೇಗೆ? ಮಗ್ಗ ನಿಂತ ಮೇಲೂ ನಾವು ಅವನೆದುರು ಹೋಗಿ, ಮುಖ ತೋರಿಸಿ ಮಾತಾಡುವುದನ್ನು ರೂಢಿ ಮಾಡಿಕೊಂಡೆವು. ಬೇಕೆಂದು ಮಾಡಿದ್ದಲ್ಲ. ತಾನಾಗಿ ಆಗಿದ್ದು. ಅವನ ಪಾಲಿಗೆ ಲೋಕ ಮೊದಲಿನ ಹಾಗೇ ಇತ್ತು.

ಒಮ್ಮೆ ಸೀರೆ ಗಂಟು ಕಟ್ಟಿಕೊಂಡು ಗಾಡಿಯಲ್ಲಿ ಹೋಗುತ್ತಿದ್ದಾಗ ಹಿಂದಿನಿಂದ ಲಾರಿ ಒಂದೇ ಸಮ ಹಾರ್ನ್ ಹೊಡೆದಿದೆ. ಇವನು ರಸ್ತೆ ಬಿಟ್ಟಿಲ್ಲ. ಲಾರಿ ಗಂಟನ್ನು ಸವರಿಕೊಂಡು ಹೋಗಿ ಸೀರೆಯೆಲ್ಲ ರಸ್ತೆಗೆ ಚೆಲ್ಲಿತು. ಮೈಕೈ ತರಚಿಕೊಂಡು ಬಂದವನು, ಲಾರಿಯವನು ಹಾರ್ನ್ ಹೊಡೆಯಲೇ ಇಲ್ಲ ಎಂದು ಬೈದ. ಕಂಡವರು ಅತ್ತಿಗೆಗೆ ಬೇರೆಯೇ ಹೇಳಿದ್ದರು. ಅವಳು ಬಲವಂತ ಮಾಡಿ ಒಂದು ಸಲ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಇನ್ನು ಮಗ್ಗದ ಸದ್ದಿನಲ್ಲಿ ನಿಲ್ಲಬೇಡಿ, ಪೂರ್ತಿ ಪರೀಕ್ಷೆ ಮಾಡಿಸಿ, ಕಿವಿಗೆ ಮೆಷಿನ್ ಹಾಕಿಕೊಳ್ಳಬೇಕಾಗುತ್ತದೆ ಎಂದರಂತೆ ಅವರು. ಅಣ್ಣ ಅಲ್ಲಿಂದ ಎದ್ದು ಬಂದುಬಿಟ್ಟ.

"ಕಿವುಡ ಆಗಿದ್ರೆ ಆ ಆಟ ಆಡಕ್ಕಾಗ್ತಿತ್ತಾ? ಅಷ್ಟು ಜನದ ಮಧ್ಯೆ ಓಡ್ತೀನಿ, ಪಾಸ್ ಕೊಡ್ತೀನಿ, ವಿಷಲ್ ಆದ್ರೆ ನಿಲ್ತೀನಿ. ಬೇಕಾದ್ರೆ ಇವಳ್ನೇ ಕೇಳಿ," ಎಂದು ಮನೆಯಲ್ಲಿ ಎಲ್ಲರೆದುರು ನನ್ನ ಕಡೆ ಕೈ ತೋರಿಸಿದ.

ನಾನೇನು ಹೇಳಲಿ? ಅಂಗಳದಲ್ಲಿ ಯಾವಾಗಲೂ ಅವನ ಎಡಕ್ಕೆ ನಾನು. ವಿಷಲ್ ಆದರೆ ನನ್ನ ಕೈ ಅವನ ಭುಜದ ಮೇಲೆ. ಅವನು ನಿಲ್ಲುತ್ತಿದ್ದುದು ನನ್ನ ಕೈಗೆ. ಆಟವೇ ಅವನಿಗೆ ತನ್ನ ಕಿವಿ ಸರಿಯಿದೆ ಎಂಬುದಕ್ಕೆ ಸಾಕ್ಷಿ ಆಗಿಬಿಟ್ಟಿತ್ತು, ಆ ಸಾಕ್ಷಿ ನನ್ನ ಅಂಗೈಯಲ್ಲಿತ್ತು. ನನಗೆ ಅವನ ಮೇಲೆ ಸಿಟ್ಟು ಬಂತು, ಮರುಕ್ಷಣ ಅಳು ಬಂತು. ಹೌದು, ಚೆನ್ನಾಗಿ ಆಡುತ್ತಾನೆ ಎಂದಷ್ಟೇ ಹೇಳಿದೆ. ಅದು ನಿಜವೂ ಆಗಿತ್ತು.

ಆ ವಾರ ಅತ್ತಿಗೆ ನನ್ನನ್ನು ಶೆಡ್ಡಿನ ಹಿಂದೆ ನಿಲ್ಲಿಸಿಕೊಂಡು ಹೇಳಿದಳು. ಅವಳು ಹೆಚ್ಚು ಮಾತಿನವಳಲ್ಲ. "ಹಗಲೊತ್ತು ಹೆಂಗೋ ನಡೀತದೆ. ಲೈಟ್ ಆರ್ಸಿದ್ಮೇಲೆ ಒಂದ್ ಮಾತೂ ಇಲ್ಲ ಕಣಮ್ಮ. ಕತ್ಲಲ್ಲಿ ಅವ್ರಿಗೆ ನನ್ ಬಾಯಿ ಕಾಣಲ್ವಲ್ಲ. ನಾನು ಏನೋ ಹೇಳ್ತಾ ಇರ್ತೀನಿ, ಅವ್ರು ಮಧ್ಯದಲ್ಲೇ ಅವ್ರ್ ಮಾತು ಶುರು ಮಾಡ್ತಾರೆ. ನಾನು ಮಾತಾಡ್ತಿದೀನಿ ಅಂತ್ಲೇ ಗೊತ್ತಾಗಲ್ಲ."

ಡಾಕ್ಟರ ಹತ್ತಿರ ಮತ್ತೆ ಹೋಗೋಣ ಎಂದು ಅವಳು ಹಿಡಿದ ಹಟಕ್ಕೆ ಅಣ್ಣ ಕೊನೆಗೆ ಒಂದು ಮಾತು ಕೊಟ್ಟ. ಮೇಷ್ಟ್ರು ನಮ್ಮ ಹೆಸರು ಕೊಟ್ಟಿರುವ ಟೂರ್ನಮೆಂಟ್ ಮುಗಿಯಲಿ. ಅಲ್ಲಿ ಒಂದೇ ಒಂದು ಸಲ ವಿಷಲ್ ತಪ್ಪಿಸಿದರೂ ನೀನು ಹೇಳಿದಲ್ಲಿಗೆ ಬರುತ್ತೇನೆ. ತಪ್ಪಿಸದಿದ್ದರೆ ಇನ್ನು ಆ ಸುದ್ದಿ ಎತ್ತಬೇಡ.

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಮಗ್ಗದ ಕಡೆ ತಿರುಗಿದೆ.

ಟೂರ್ನಮೆಂಟ್ ನಡೆದದ್ದು ದೇವನಹಳ್ಳಿ ಆಚೆಗಿನ ಒಂದು ಕಾಲೇಜಿನ ಮೈದಾನದಲ್ಲಿ. ‘ಪ್ರಾದೇಶಿಕ ಟಚ್ ರಗ್ಬಿ ಚಾಂಪಿಯನ್‌ಷಿಪ್, ಹವ್ಯಾಸಿ ತಂಡಗಳಿಗೆ ಮಾತ್ರ’ ಎಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಹವ್ಯಾಸಿ ಎಂದರೇನು ಎಂದು ನಮ್ಮ ತಂಡದ ಹುಡುಗನೊಬ್ಬ ಕೇಳಿದ, ಕಾಸು ಕೊಡದೆ ಸುಸ್ತು ಮಾಡಿಸುವುದು ಎಂದೆ. ಟೆಂಪೋದಲ್ಲಿ ಹಲಗೆ ಹಾಕಿಕೊಂಡು ಹೋಗಿದ್ದೆವು. ದಾರಿಯ ಗೋಡೆಗಳ ಮೇಲೆ ಜಮೀನು ಬಿಡುವುದಿಲ್ಲ ಎಂದು ಬರೆದ ಹಳೇ ಅಕ್ಷರ, ಅದರ ಮೇಲೆ ಸೈಟು ಮಾರುವವರ ಹೊಸ ಬಣ್ಣ. ಬೆಳಿಗ್ಗೆಯಿಂದಲೇ ಮೋಡ ಕವಿದು ಮಳೆಯೂ ಬರದೆ ಬಿಸಿಲೂ ಬರದೆ ಮಂಕಾಗಿತ್ತು. ವಿಮಾನಗಳು ಮಾತ್ರ ಮೋಡದೊಳಗಿಂದ ಒಂದರ ಹಿಂದೊಂದು ತಲೆಯ ಮೇಲೇ ಇಳಿಯುತ್ತಿದ್ದವು. ಒಂದು ಬಂದರೆ ಮೈಕಿನವನು ಮಾತು ನಿಲ್ಲಿಸಬೇಕು, ರೆಫ್ರಿ ಕೈ ಎತ್ತಿ ಸನ್ನೆ ಮಾಡಬೇಕು.

ಅಣ್ಣನಿಗೆ ಅದು ಹಬ್ಬವಾಯಿತು. "ನೋಡಿದ್ಯಾ, ಯಾರಿಗೂ ಏನೂ ಕೇಳ್ತಿಲ್ಲ," ಎಂದು ನಕ್ಕ. ಎಲ್ಲರೂ ಒಂದು ಗಳಿಗೆ ಅವನ ಹಾಗೇ ಆಗುತ್ತಿದ್ದರಲ್ಲ, ಆ ನಗು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವನು ಆ ದಿನ ಆಡಿದ ಆಟ! ಮಂಡಿಗೆ ಪಟ್ಟಿ ಕಟ್ಟಿಕೊಂಡು, ಹೊಟ್ಟೆ ಸ್ವಲ್ಪ ಮುಂದೆ ಬಂದ ಮನುಷ್ಯ, ಕಾಲೇಜು ಮುಗಿಸಿದ ಹುಡುಗರ ಕೈಗೆ ಸಿಗದೆ ಜಾರಿಕೊಳ್ಳುತ್ತಿದ್ದ. ಮುಟ್ಟಿದ್ದು ರೆಫ್ರಿಗೆ ಕಾಣದಿದ್ದರೂ ತಾನೇ ನಿಂತು ಚೆಂಡು ಇಡುತ್ತಿದ್ದ. ಕಬಡ್ಡಿಯಲ್ಲಿ ಬೆರಳ ತುದಿ ತಾಗಿದರೂ ಒಪ್ಪಿಕೊಂಡು ಹೊರಗೆ ನಡೆದವನು ಅವನು, ಈ ವಿಷಯದಲ್ಲಿ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಪಕ್ಕ ಬಿಡದೆ ಓಡಿದೆ. ವಿಷಲ್, ಭುಜ, ವಿಷಲ್, ಭುಜ. ಆವತ್ತು ನನಗೆ ಆಟ ಗೆಲ್ಲುವುದೂ ಬೇಕಾಗಿರಲಿಲ್ಲ. ಕೈ ಹಾಕದೆ ಸುಮ್ಮನಿದ್ದುಬಿಡಲೇ ಎಂದು ಒಂದೆರಡು ಸಲ ಅನಿಸಿತು. ಅತ್ತಿಗೆಯ ಮುಖ ಕಣ್ಣೆದುರಿಗೆ ಬರುತ್ತಿತ್ತು. ಆದರೂ ಕೈ ತಾನಾಗಿ ಹೋಗಿ ತಟ್ಟುತ್ತಿತ್ತು. ಕೈಗೆ ಅದೊಂದೇ ಗೊತ್ತಿದ್ದದ್ದು.

ಸೆಮಿಫೈನಲ್‌ನ ಕೊನೆಯಲ್ಲಿ ನನ್ನ ಕಾಲು ಒಂದು ತಗ್ಗಿಗೆ ಸಿಕ್ಕಿ ಉಳುಕಿತು. ಗೆದ್ದೆವು, ಆದರೆ ನಾನು ಎರಡು ಹೆಜ್ಜೆ ಇಡಲಾರದೆ ಕೂತೆ. ಮೇಷ್ಟ್ರು ಒದ್ದೆ ಬಟ್ಟೆ ಸುತ್ತಿ, ನೀವು ಇನ್ನು ಎದ್ದರೆ ನನ್ನಾಣೆ ಎಂದರು. ನನ್ನ ಜಾಗಕ್ಕೆ ನಮ್ಮ ಬೀದಿಯದೇ ಒಬ್ಬಳು ಹುಡುಗಿ ಇಳಿದಳು. ಡಿಗ್ರಿ ಓದುವವಳು, ಜಿಂಕೆಯ ಹಾಗೆ ಓಡುವವಳು. ಆದರೆ ಅವರಪ್ಪ ಮಗ್ಗ ಮಾರಿದ್ದು ಅವಳು ತೊಟ್ಟಿಲಲ್ಲಿದ್ದಾಗ. ಅವಳಿಗೆ ತಟ್ಟಿ ಕರೆಯುವುದು ಬಾರದು, ಬಾಯಿ ತುಂಬ ‘ಅಂಕಲ್, ಅಂಕಲ್’ ಎಂದು ಕೂಗುವುದು ಬರುತ್ತದೆ. ಇಳಿಯುವ ಮೊದಲು ಅಣ್ಣನಿಗೆ ಬೆನ್ನು ಮಾಡಿ, ಅವಳ ಕೈ ಹಿಡಿದು ಹೇಳಿದೆ, "ವಿಷಲ್ ಆದ್ರೆ ಅಣ್ಣನ್ನ ಮುಟ್ಟು. ಮರೀಬೇಡ." ಅವಳು ತಲೆಯಾಡಿಸಿದಳು. ಯಾಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟರಲ್ಲಿ ಅಣ್ಣ ಪಕ್ಕಕ್ಕೆ ಬಂದು ನಮ್ಮ ತುಟಿ ನೋಡುತ್ತಿದ್ದ.

ಫೈನಲ್ ಹೊಸಕೋಟೆ ಕಡೆಯ ಕಾರ್ಖಾನೆಯವರ ಮೇಲೆ. ಒಳ್ಳೇ ತಂಡ, ಒಳ್ಳೇ ಜನ. ಆಟ ಸಮಸಮ ನಡೆದು, ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಆ ಹುಡುಗಿಗೆ ಚೆಂಡು ಸಿಕ್ಕಿತು. ಅವಸರದಲ್ಲಿ ಎಸೆದಳು. ಅಣ್ಣ ಅವಳಿಗಿಂತ ಎರಡು ಹೆಜ್ಜೆ ಮುಂದಿದ್ದ. ಮುಂದಕ್ಕೆ ಕೊಟ್ಟ ಪಾಸು, ಚೆಂಡಿನ ಮೇಲೇ ಕಣ್ಣಿಟ್ಟಿದ್ದ ಅವನನ್ನು ಬಿಟ್ಟು ಎಲ್ಲರಿಗೂ ಕಾಣುವ ತಪ್ಪು. ರೆಫ್ರಿ ವಿಷಲ್ ಊದಿದ.

ಎಲ್ಲರೂ ನಿಂತರು. ಹುಡುಗಿ ‘ಅಯ್ಯೋ’ ಎಂದು ತಲೆ ಹಿಡಿದುಕೊಂಡು ನಿಂತಳು. ನಾನು ಹೇಳಿದ್ದು ಅವಳಿಗೆ ಮರೆತೇ ಹೋಗಿತ್ತು.

ಅಣ್ಣ ಓಡಿದ.

ಚೆಂಡನ್ನು ಎದೆಗೆ ಅವಚಿಕೊಂಡು, ಉಳುಕುವ ಮಂಡಿಯನ್ನು ಎಳೆದುಕೊಂಡು, ಹಿಂದೆ ನೋಡದೆ ಓಡಿದ. ಹಿಂದೆ ಯಾರೂ ಬರುತ್ತಿರಲಿಲ್ಲ. ಅವನು ಎಲ್ಲರನ್ನೂ ತಪ್ಪಿಸಿಕೊಂಡೆ ಅಂದುಕೊಂಡಿರಬೇಕು. ನಾನು ಕೂತಲ್ಲಿಂದಲೇ ‘ಅಣ್ಣಾ’ ಎಂದು ಕಿರುಚಿದೆ. ಎಂಥ ದಡ್ಡತನ! ಆ ಮೈದಾನದಲ್ಲಿ ಅದು ಕೇಳದೇ ಇದ್ದವನು ಅವನೊಬ್ಬನೇ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಎದ್ದು ಎರಡೂ ಕೈ ಮೇಲೆತ್ತಿ, ನಾವು ಓಡಿ ಬಂದು ಅಪ್ಪಿಕೊಳ್ಳುತ್ತೇವೆ ಎಂದು ತಿರುಗಿದ.

ನಾವೆಲ್ಲ ಇದ್ದಲ್ಲೇ ಇದ್ದೆವು. ಕೈಗಳನ್ನು ಅವನು ಒಂದೇ ಸಲಕ್ಕೆ ಇಳಿಸಲಿಲ್ಲ. ಒಂದು ಕೈ ಮೊದಲು ಇಳಿಯಿತು, ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಮೇಲಿತ್ತು. ಅಂಚಿನಲ್ಲಿ ಕೂತಿದ್ದ ಯಾರೋ ಚಪ್ಪಾಳೆ ಹೊಡೆದು ನಕ್ಕರು. ಆ ನಗುವವರನ್ನು ಹೋಗಿ ಬಾರಿಸಬೇಕು ಅನಿಸಿತು, ಕಾಲು ಏಳಲಿಲ್ಲ.

ರೆಫ್ರಿ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಹತ್ತಿರ ಹೋಗಿ, "ಸಾರ್, ವಿಷಲ್ ಆಗಿತ್ತು. ಫಾರ್ವರ್ಡ್ ಪಾಸ್," ಎಂದ.

"ಎಲ್ಲಿ ಊದಿದ್ರಿ? ಊದ್ಲೇ ಇಲ್ಲ ನೀವು," ಎಂದ ಅಣ್ಣ. ಅವನ ದನಿ ಮೈದಾನಕ್ಕೆಲ್ಲ ಕೇಳಿತು.

"ಊದಿದೆ ಸಾರ್. ಎಲ್ರೂ ನಿಂತ್ರಲ್ಲ."

ಅಣ್ಣ ಸುತ್ತ ನೋಡಿದ. "ವಿಮಾನ ಹೋಗ್ತಿತ್ತು. ಆ ಸದ್ದಲ್ಲಿ ನಂಗೆ ಕೇಳಿಸ್ಲಿಲ್ಲ, ಅಷ್ಟೆ."

ಅಲ್ಲಿದ್ದವರೆಲ್ಲ ತಲೆಯೆತ್ತಿ ಮೇಲೆ ನೋಡಿದರು. ಬೆಳಿಗ್ಗೆಯಿಂದ ಬಿಡುವಿಲ್ಲದೆ ಬಂದ ವಿಮಾನಗಳು! ಒಂದಾದರೂ ಇರಬಾರದಿತ್ತೇ? ಬರೀ ಮೋಡ. ಗಾಳಿಗೆ ಫ್ಲೆಕ್ಸ್ ಪಟಪಟ ಎನ್ನುವುದು ಕೂಡ ಕೇಳುವಷ್ಟು ಮೌನವಾಗಿತ್ತು. ಅವರು ತಲೆಯೆತ್ತಿದ್ದನ್ನು ಅಣ್ಣ ನೋಡಿದ, ಅವರು ತಲೆ ಇಳಿಸಿ ತನ್ನನ್ನು ನೋಡಿದ್ದನ್ನೂ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ನನ್ ತಂಗಿ ಸುಳ್ಳು ಹೇಳಲ್ಲ. ಅವಳ್ನೇ ಕೇಳಿ," ಎಂದ. ನನ್ನ ಕಡೆ ತಿರುಗಿ ಕೈ ಮಾಡಿ ಕರೆದ. "ಬಾ ಇಲ್ಲಿ. ನೀನೇ ಹೇಳು. ಊದಿದ್ರಾ ಇವ್ರು?"

ನಾನು ಮೇಷ್ಟ್ರ ಭುಜ ಹಿಡಿದು ಕುಂಟಿಕೊಂಡು ಹೋದೆ. ಎರಡೂ ತಂಡದವರು ಸುತ್ತ ನಿಂತಿದ್ದರು. ಅಷ್ಟು ದೂರ ನಡೆಯುವಾಗ ನನ್ನ ತಲೆಯಲ್ಲಿ ಏನೇನೋ ಓಡಿತು. ಊದಲಿಲ್ಲ ಎಂದರೆ ಆ ರೆಫ್ರಿ ಹುಡುಗನನ್ನು ಸುಳ್ಳುಗಾರ ಮಾಡಬೇಕು, ಅಣ್ಣ ಗೆದ್ದವನ ಹಾಗೆ ಮನೆಗೆ ಹೋಗಿ ಅತ್ತಿಗೆಯ ಬಾಯಿ ಮುಚ್ಚಿಸುತ್ತಾನೆ, ನಾಳೆ ಮತ್ತೆ ಲಾರಿಯ ಮುಂದೆ ಗಾಡಿ ಓಡಿಸುತ್ತಾನೆ. ಊದಿದರು ಎಂದು ಇಷ್ಟು ಜನರೆದುರು ಹೇಳಿದರೆ, ನಮ್ಮಣ್ಣ ಕಿವುಡ ಎಂದು ನಾನೇ ಡಂಗುರ ಹೊಡೆದ ಹಾಗೆ. ಅವನನ್ನು ಅಷ್ಟು ಜನರ ಮಧ್ಯೆ ಕೆಳಗಿಳಿಸಲು ನನ್ನಿಂದ ಆಗಲಿಲ್ಲ.

ಅವನೆದುರು ನಿಂತು, ಅವನ ಕಣ್ಣಿಗೆ ನನ್ನ ಬಾಯಿ ಚೆನ್ನಾಗಿ ಕಾಣುವ ಹಾಗೆ, ಶೆಡ್ಡಿನಲ್ಲಿ ಹೇಳುವ ಹಾಗೆ ಹೇಳಿದೆ. ಬರೀ ತುಟಿಯಲ್ಲಿ. ದನಿ ಒಂದಿಷ್ಟೂ ಇಲ್ಲ. ‘ಊದಿದ್ರು ಅಣ್ಣ. ನಿಂಗೆ ಕೇಳಿಸ್ಲಿಲ್ಲ.’ ಅವನಿಗೆ ತಿಳಿಯಲಿ, ಉಳಿದವರಿಗೆ ಬೇಡ.

ಅವನಿಗೆ ತಿಳಿಯಿತು. ಅವನ ಕಣ್ಣು ನನ್ನ ತುಟಿಯ ಮೇಲೆ ಕೊನೆಯ ಅಕ್ಷರದವರೆಗೂ ನಿಂತಿತ್ತು. ಆಮೇಲೆ ಬಲಗಡೆ ಎಡಗಡೆ ನೋಡಿ, ಹಲ್ಲು ಕಚ್ಚಿ, ತಾನು ಪಿಸುಗುಡುತ್ತಿದ್ದೇನೆ ಅಂದುಕೊಂಡು ಗಟ್ಟಿಯಾಗಿ ಹೇಳಿದ:

"ಅಷ್ಟು ಜೋರಾಗಿ ಯಾಕಮ್ಮ ಹೇಳ್ತೀಯ? ಎಲ್ರಿಗೂ ಕೇಳಿಸ್ತಲ್ಲ."

ಯಾರೂ ನಗಲಿಲ್ಲ. ಚಪ್ಪಾಳೆ ಹೊಡೆದವರೂ ನಗಲಿಲ್ಲ. ನನ್ನ ಬಾಯಿಂದ ಸದ್ದು ಬಂದಿರಲಿಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ರೆಫ್ರಿ ವಿಷಲನ್ನು ಅಂಗಿಯ ಒಳಗೆ ಹಾಕಿಕೊಂಡ, ಯಾಕೆ ಹಾಗೆ ಮಾಡಿದನೋ. ಅಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಬಂದ. ಕೊನೆಗೆ ನನ್ನ ಮುಖಕ್ಕೆ ಬಂದು ನಿಂತ. ಅಲ್ಲಿ ಏನು ಓದಿದನೋ, ಚೆಂಡನ್ನು ರೆಫ್ರಿಯ ಕೈಗೆ ಕೊಟ್ಟು, "ಸಾರಿ ಸಾರ್," ಎಂದು ತನ್ನ ಜಾಗಕ್ಕೆ ನಡೆದ.

ಉಳಿದ ಆಟವನ್ನು ಆಡಿದರು, ಸೋತರು. ಅಣ್ಣನಿಗೆ ಯಾರೂ ಪಾಸು ಕೊಡಲಿಲ್ಲ. ಬೇಕೆಂದಲ್ಲ, ಪಾಪ, ಹೇಗೆ ಕರೆಯಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಗೆದ್ದವರ ಪೈಕಿ ಒಬ್ಬಳು ಬಂದು ನನ್ನ ಕೈ ಹಿಡಿದು, ಕಾಲಿಗೆ ಸುತ್ತಿದ್ದ ಒದ್ದೆ ಬಟ್ಟೆಯನ್ನು ಬಿಗಿ ಮಾಡಿಕೊಟ್ಟು ಹೋದಳು.

ಟೆಂಪೋದಲ್ಲಿ ವಾಪಸು ಹೊರಟೆವು. ದೇವನಹಳ್ಳಿ ದಾಟಿದ ಮೇಲೆ ಇರಬೇಕು, ಭುಜದ ಮೇಲೆ ಒಂದು ತಟ್ಟು ಬಿತ್ತು. ತಿರುಗಿದೆ. ಅಣ್ಣ ನನ್ನ ಕಡೆ ಬಾಗಿ ಕೇಳಿದ, "ಆಗ ದನಿ ತೆಗ್ದಿರ್ಲಿಲ್ವಾ ನೀನು?"

ಇಲ್ಲ ಎಂದು ತಲೆಯಾಡಿಸಿದೆ.

ಅವನು ಎರಡು ಬೆರಳನ್ನು ನನ್ನ ಗಂಟಲಿನ ಮೇಲೆ ಇಟ್ಟ. ಮಗ್ಗದ ಎಣ್ಣೆಯ ವಾಸನೆಯ ಒರಟು ಬೆರಳು. "ಈಗ ದನಿ ತೆಗ್ದು ಹೇಳು," ಎಂದ. ‘ಅಣ್ಣ’ ಎಂದೆ. "ಈಗ ತೆಗೀದೆ ಹೇಳು," ಎಂದ. ತುಟಿಯಲ್ಲಿ ಮಾತ್ರ ‘ಅಣ್ಣ’ ಎಂದೆ. ಇನ್ನೊಂದು ಸಲ ಹಾಗೆ, ಇನ್ನೊಂದು ಸಲ ಹೀಗೆ. ಬೆರಳು ಇಟ್ಟೂ ನೋಡಿದ, ತೆಗೆದೂ ನೋಡಿದ. ಮಗ್ಗದಲ್ಲಿ ಕಿತ್ತ ಎಳೆ ಹುಡುಕುವಾಗಿನ ಮುಖವೇ ಅದು. ಕೊನೆಗೆ ಕೈ ಹಿಂದಕ್ಕೆ ತೆಗೆದುಕೊಂಡ.

"ಮುಟ್ಟಿದ್ರೆ ಗೊತ್ತಾಗ್ತದೆ. ಬರೀ ನೋಡಿದ್ರೆ ಎರಡೂ ಒಂದೇ ಕಣಮ್ಮ," ಎಂದ.

ನಾನು ಅಳುವುದನ್ನು ಮುಚ್ಚಿಡಲಿಲ್ಲ. ಜೋರಾಗಿಯೇ ಅತ್ತೆ. ಅವನಿಗೆ ಅದು ಕಾಣುತ್ತಿತ್ತು.

ಕೊಟ್ಟ ಮಾತಿಗೆ ತಪ್ಪದೆ ಅವನು ಅತ್ತಿಗೆಯ ಜೊತೆ ಡಾಕ್ಟರ ಹತ್ತಿರ ಹೋದ. ತಡವಾಗಿದೆ ಎಂದರಂತೆ. ಮೆಷಿನ್ ಕೊಟ್ಟಿದ್ದಾರೆ. ಅದರಲ್ಲಿ ಮಾತು ಕೇಳುವುದಿಲ್ಲ, ಎಲ್ಲವೂ ಸೇರಿ ಗದ್ದಲವಷ್ಟೇ ಕೇಳುತ್ತದೆ ಎನ್ನುತ್ತಾನೆ. ಹಾಕಿಕೊಳ್ಳುವುದಕ್ಕಿಂತ ಜೇಬಿನಲ್ಲಿ ಇಟ್ಟುಕೊಳ್ಳುವುದೇ ಹೆಚ್ಚು. ಶೆಡ್ಡಿಗೆ ಬರುವುದನ್ನು ಬಿಡಿಸಿದ್ದೇವೆ. ಅವನ ಎರಡು ಮಗ್ಗ ನಿಂತಿವೆ. ಗಾಡಿ ಓಡಿಸುವುದಿಲ್ಲ, ಸೀರೆ ಗಂಟು ನನ್ನ ಗಂಡ ಒಯ್ಯುತ್ತಾರೆ. ಮೇಷ್ಟ್ರು ಎರಡು ಮೂರು ಸಲ ಬಂದು ಕರೆದರು, ಅಣ್ಣ ಮಂಡಿಯ ನೆಪ ಹೇಳಿದ. ತಂಡವೂ ಹಾಗೇ ಕರಗಿಹೋಯಿತು. ಆ ಚೆಂಡು ನಮ್ಮ ಅಟ್ಟದ ಮೇಲಿದೆ, ಗಾಳಿ ಇಳಿದು ಮೆತ್ತಗಾಗಿದೆ.

ಮೊನ್ನೆ ನಾನು ಮಗ್ಗ ನಿಲ್ಲಿಸಿ ಹೊರಡುವಾಗ ಅತ್ತಿಗೆ ಸುಮ್ಮನೆ ನೂಲು ಸುತ್ತುತ್ತ ಕೂತಿದ್ದಳು. ರಾತ್ರಿಯ ಹೊತ್ತು ಈಗ ಹೇಗೆ ಎಂದು ಕೇಳಬೇಕೆಂದು ತುಂಬ ದಿನದಿಂದ ಅನಿಸುತ್ತಿತ್ತು, ಕೇಳಿದೆ. ಅವಳು ಕೈಯಲ್ಲಿದ್ದ ನೂಲನ್ನು ನೋಡಿಕೊಂಡೇ ಹೇಳಿದಳು.

"ಲೈಟ್ ಆರ್ಸಿದ್ಮೇಲೆ ನನ್ ಗಂಟ್ಲ ಮೇಲೆ ಕೈ ಇಟ್ಕೋತಾರೆ. ನಾನು ಮಾತಾಡ್ತಾ ಇರ್ತೀನಿ. ಏನ್ ಹೇಳ್ತಿದೀನಿ ಅಂತ ಅವ್ರಿಗೆ ಗೊತ್ತಾಗಲ್ಲ ಕಣಮ್ಮ. ಹೇಳ್ತಿದೀನಿ ಅನ್ನೋದು ಗೊತ್ತಾಗ್ತದೆ. ನಾನು ಮುಗ್ಸೋವರ್ಗೂ ಸುಮ್ನಿರ್ತಾರೆ."